ಪಾವು ಅಕ್ಕಿಯ ತೂಕವೆಷ್ಟು?

ಮೈಸೂರುಪಾಕಿನ ಲೆಕ್ಕ ಬಹುತೇಕ ಮನೆಗಳಲ್ಲಿ ಸುಮಾರಾಗಿ ಒಂದೇ. ಕಡಲೆಹಿಟ್ಟು ಒಂದು ಬಟ್ಟಲು, ಸಕ್ಕರೆ ಎರಡು ಬಟ್ಟಲು, ತುಪ್ಪ ಎರಡು ಬಟ್ಟಲು. ತುಪ್ಪದ ವಿಷಯದಲ್ಲಿ ಮಾತ್ರ ಮನೆಯವರ ಕೈಯ ಧಾರಾಳವನ್ನು ಅನುಸರಿಸಿ ಅರ್ಧ ಬಟ್ಟಲು ಹೆಚ್ಚುಕಡಿಮೆ. ಈ ಲೆಕ್ಕವನ್ನೇ ದೊಡ್ಡ ಸಮಾರಂಭಕ್ಕೆ ಹಿಗ್ಗಿಸಹೊರಟವರು ಅಂಗಡಿಯಿಂದ ಒಂದು ಕಿಲೋ ಕಡಲೆಹಿಟ್ಟು, ಎರಡು ಕಿಲೋ ಸಕ್ಕರೆ, ಎರಡು ಕಿಲೋ ತುಪ್ಪ ತಂದರೆನ್ನಿ. ಒಲೆಯಿಂದ ಇಳಿಯುವುದು ಮೈಸೂರುಪಾಕು ಆಗಿರುವುದಿಲ್ಲ. ಬಾಯಲ್ಲಿ ಹಿಟ್ಟುಹಿಟ್ಟಾಗುವ, ಹೆಸರಿಲ್ಲದ ಇನ್ನೇನೋ ಆಗಿರುತ್ತದೆ. ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಒಂದಕ್ಕೆ ಎರಡು, ಎರಡು. ಆದರೆ ಬಟ್ಟಲಿನ ಒಂದು ಬೇರೆ, ತಕ್ಕಡಿಯ ಒಂದು ಬೇರೆ.

200 ಮಿಲಿಲೀಟರ್ ನೀರು ಹಿಡಿಯುವ ಬಟ್ಟಲನ್ನು ತೆಗೆದುಕೊಳ್ಳಿ. ಅದರಲ್ಲಿ ಕಡಲೆಹಿಟ್ಟು ತುಂಬಿ ತೂಗಿದರೆ 90 ಗ್ರಾಂ ಆಸುಪಾಸು. ಅದೇ ಬಟ್ಟಲಿನ ತುಂಬ ಸಕ್ಕರೆ ಸುಮಾರು 170 ಗ್ರಾಂ. ಎರಡು ಬಟ್ಟಲಾದರೆ 340. ಅಂದರೆ ನಾವು ಒಂದಕ್ಕೆ ಎರಡು ಎಂದುಕೊಂಡಿದ್ದ ಹಿಟ್ಟು-ಸಕ್ಕರೆಯ ಸಂಬಂಧ ತೂಕದಲ್ಲಿ ಒಂದಕ್ಕೆ ಹೆಚ್ಚುಕಡಿಮೆ ನಾಲ್ಕು. ತುಪ್ಪವೂ ಹಾಗೆಯೇ. ಹಿಟ್ಟಿನ ಕಣಗಳ ನಡುವೆ ತುಂಬಿಕೊಂಡಿರುವ ಗಾಳಿಗೆ ಬಟ್ಟಲಿನಲ್ಲಿ ಜಾಗವುಂಟು, ತಕ್ಕಡಿಯಲ್ಲಿ ಬೆಲೆಯಿಲ್ಲ. ಇಷ್ಟು ಚಿಕ್ಕ ಸಂಗತಿಯ ಹಿಂದೆ ಬಲು ದೊಡ್ಡ ಇತಿಹಾಸವಿದೆ. ಕಾಳನ್ನು ಅಳೆಯಬೇಕೆ, ತೂಗಬೇಕೆ ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಅಡುಗೆಮನೆಯಲ್ಲಿ ಹುಟ್ಟಿದ್ದಲ್ಲ. ಅದು ಕಣದಲ್ಲಿ, ಕಣಜದಲ್ಲಿ, ಬೊಕ್ಕಸದಲ್ಲಿ ಹುಟ್ಟಿದ್ದು.

ಹಿಂದೆ ನಮ್ಮವರು ಧಾನ್ಯವನ್ನು ಅಳೆಯುತ್ತಿದ್ದರು, ಬಂಗಾರವನ್ನು ತೂಗುತ್ತಿದ್ದರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವನಾದ ಮಹಾವೀರಾಚಾರ್ಯನು 9ನೇ ಶತಮಾನದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಧಾನ್ಯದ ಮಾನಗಳ ಕೋಷ್ಟಕವೇ ಬೇರೆ, ಚಿನ್ನ ಬೆಳ್ಳಿಗಳ ತೂಕದ ಕೋಷ್ಟಕವೇ ಬೇರೆ. ಧಾನ್ಯದ ಮಾನಗಳು ನಾಲ್ಕು ನಾಲ್ಕಾಗಿ ಏರುತ್ತವೆ. ನಾಲ್ಕು ಕುಡಬಕ್ಕೆ ಒಂದು ಪ್ರಸ್ಥ, ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ಈ ನಾಲ್ಕರ ಲೆಕ್ಕ ನಮಗೆ ಅಪರಿಚಿತವಲ್ಲ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು ಎಂದು ಬಾಯಿಪಾಠ ಮಾಡಿದ ಹಿರಿಯರು ಇಂದಿಗೂ ಇದ್ದಾರೆ. ಹೆಸರುಗಳು ಬದಲಾದವು, ಕಾಲು ಕಾಲಾಗಿ ಒಡೆಯುವ ಪದ್ಧತಿ ಬದಲಾಗಲಿಲ್ಲ. ದಶಮಾಂಶದ ಲೆಕ್ಕ ಕಾಗದಕ್ಕೆ ಸುಲಭ. ಅರ್ಧ ಮಾಡಿ ಮತ್ತೆ ಅರ್ಧ ಮಾಡುವುದು ಕೈಗೆ ಸುಲಭ.

ಧಾನ್ಯವನ್ನು ಅಳೆಯುವುದಕ್ಕೆ ಕಾರಣ ಸರಳ. ನೂರು ಮೂಟೆ ಭತ್ತ ತೂಗಲು ದೊಡ್ಡ ತಕ್ಕಡಿ ಬೇಕು, ತೊಲೆ ಬೇಕು, ನಂಬಬಹುದಾದ ಬಟ್ಟು ಬೇಕು. ಅಳೆಯಲು ಒಂದು ಕೊಳಗ ಸಾಕು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗದ ಲೆಕ್ಕ ಎಷ್ಟು ಆಳವಾಗಿ ಇಳಿದಿತ್ತೆಂದರೆ ಹೊಲಗದ್ದೆಗಳ ವಿಸ್ತೀರ್ಣವನ್ನೂ ಅದರಲ್ಲೇ ಹೇಳುತ್ತಿದ್ದರು. ಒಂದು ಖಂಡುಗ ಬಿತ್ತನೆ ಹಿಡಿಯುವ ನೆಲ 'ಖಂಡುಗದ ಗದ್ದೆ'. ಅಳೆಯುವಾಗ ಮೊದಲನೆಯ ಕೊಳಗಕ್ಕೆ 'ಒಂದು' ಎನ್ನದೆ 'ಲಾಭ' ಎಂದು ಎಣಿಕೆ ಆರಂಭಿಸುವ ವಾಡಿಕೆಯನ್ನು ಹಳ್ಳಿಯ ಓದುಗರು ಕಂಡಿರಬಹುದು.

ಆದರೆ ಲಾಭ ಯಾರಿಗೆ? ಅಳತೆಯ ಪಾತ್ರೆಯೊಂದೇ ಆದರೂ ಅದನ್ನು ತುಂಬುವ ಕೈ ಒಂದೇ ಅಲ್ಲ. ಮೆಲ್ಲಗೆ ಸುರಿದರೆ ಕಾಳು ಸಡಿಲವಾಗಿ ನಿಲ್ಲುತ್ತದೆ. ಎತ್ತರದಿಂದ ಸುರಿದರೆ, ಪಾತ್ರೆಯನ್ನು ಒಮ್ಮೆ ಕುಕ್ಕಿದರೆ, ಒತ್ತಾಗಿ ಕೂತು ಇನ್ನೂ ಎರಡು ಹಿಡಿ ಒಳಗೆ ಹೋಗುತ್ತದೆ. ಬಾಯಿಯನ್ನು ಕಡ್ಡಿಯಿಂದ ಸವರಿ ಅಳೆದರೆ ಒಂದು ಲೆಕ್ಕ, ಗೋಪುರ ಕಟ್ಟಿ ಅಳೆದರೆ ಇನ್ನೊಂದು. ಬಾಯಿ ಅಗಲವಾದ ಪಾತ್ರೆಯ ಗೋಪುರ ದೊಡ್ಡದು, ಕಿರಿದಾದದ್ದರ ಗೋಪುರ ಸಣ್ಣದು. ಸಾಲ ಕೊಡುವಾಗ ಒಂದು ಕೈ, ವಸೂಲಿ ಮಾಡುವಾಗ ಮತ್ತೊಂದು ಕೈ ಎಂಬುದು ಹಳ್ಳಿಗಳ ಹಳೆಯ ದೂರು.

ಈ ದೂರು ಎಷ್ಟು ಹಳೆಯದೆಂಬುದಕ್ಕೆ ಕೌಟಿಲ್ಯನ 'ಅರ್ಥಶಾಸ್ತ್ರ'ವೇ ಸಾಕ್ಷಿ. ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, 1909ರಲ್ಲಿ ಅಚ್ಚಾಗಿ ಹೊರಬಂದ ಗ್ರಂಥವಿದು. ಅದರ ಎರಡನೆಯ ಅಧಿಕರಣದಲ್ಲಿ ತೂಕ ಮತ್ತು ಅಳತೆಗಳಿಗೇ ಮೀಸಲಾದ ಅಧ್ಯಾಯವುಂಟು. ಅಲ್ಲಿ ದ್ರೋಣ ಒಂದಲ್ಲ, ನಾಲ್ಕು! ರಾಜನ ಆದಾಯವನ್ನು ಅಳೆದುಕೊಳ್ಳುವ ದ್ರೋಣದಲ್ಲಿ 200 ಪಲ ಉದ್ದು ಹಿಡಿಯಬೇಕು. ವ್ಯಾಪಾರದ ದ್ರೋಣದಲ್ಲಿ ಹನ್ನೆರಡೂವರೆ ಪಲ ಕಡಿಮೆ, ಅಂದರೆ 187½. ಸಂಬಳ ಸಾರಿಗೆಗೆ ಅಳೆದುಕೊಡುವ ದ್ರೋಣ 175 ಪಲದ್ದು. ಅಂತಃಪುರಕ್ಕೆ ಕೊಡುವುದು 162½. ಒಳಗೆ ಬರುವಾಗ ದೊಡ್ಡದು, ಹೊರಗೆ ಹೋಗುವಾಗ ಚಿಕ್ಕದು. ಸಾಹುಕಾರ ಗುಟ್ಟಾಗಿ ಮಾಡುತ್ತಿದ್ದುದನ್ನು ಪ್ರಭುತ್ವ ಬರೆದಿಟ್ಟು ಮಾಡಿತು, ಅಷ್ಟೆ ವ್ಯತ್ಯಾಸ. ಅಂತಃಪುರದವರು ಎಲ್ಲರಿಗಿಂತ ಕಡೆಗೆ ಬಂದದ್ದಕ್ಕೆ ಕಾರಣವನ್ನು ಕೌಟಿಲ್ಯ ಹೇಳಿಲ್ಲ. ಅಳತೆಯ ಪಾತ್ರೆಯನ್ನು ಒಣಗಿದ ಗಟ್ಟಿಮರದಲ್ಲಿ ಮಾಡಿಸಬೇಕು, ಮೇಲಿನ ರಾಶಿ ಇಡೀ ಅಳತೆಯ ಕಾಲುಭಾಗದಷ್ಟಿರಬೇಕು ಎಂಬ ನಿಯಮವೂ ಅಲ್ಲಿದೆ. ಆ ರಾಶಿಗೆ ಅವನಿಟ್ಟ ಹೆಸರು 'ಶಿಖೆ'.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ದ್ರೋಣವೆಂಬುದು ಅಳತೆಯ ಪಾತ್ರೆ. ಆದರೆ ಅದು ಎಷ್ಟು ದೊಡ್ಡದೆಂದು ಗೊತ್ತುಮಾಡಲು ಕೌಟಿಲ್ಯ ಉದ್ದಿನ ತೂಕದ ಮೊರೆಹೋಗಿದ್ದಾನೆ. ಪಾತ್ರೆ ಕಳೆದುಹೋಗಬಹುದು, ಸವೆಯಬಹುದು, ಯಾರಾದರೂ ತಳಕ್ಕೆ ಅರಗು ಮೆತ್ತಬಹುದು. ತೂಕ ಗೊತ್ತಿದ್ದರೆ ಮತ್ತೊಂದು ಪಾತ್ರೆ ಮಾಡಿಕೊಳ್ಳಬಹುದು. ಹಾಗಾಗಿ ಅಳತೆಯ ಹಿಂದೆ ಯಾವಾಗಲೂ ಒಂದು ತೂಕ ಅಡಗಿ ಕೂತಿರುತ್ತದೆ. ಅಳತೆಯನ್ನೂ ತೂಕವನ್ನೂ ಬೆಸೆಯಲು ನಡುವೆ ಯಾವುದಾದರೊಂದು ಪದಾರ್ಥ ಬೇಕೇ ಬೇಕು. ಕೌಟಿಲ್ಯನಿಗೆ ಅದು ಉದ್ದು. ದಕ್ಷಿಣ ಭಾರತದ ಹಲವೆಡೆ ಅದಕ್ಕೊಂದು ಜಾಣತನದ ಉಪಾಯವಿತ್ತು. 19ನೇ ಶತಮಾನದ ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟಿರುವಂತೆ, ಅಕ್ಕಿ, ಗೋಧಿ, ಕಡಲೆ, ಹುರುಳಿ, ಹೆಸರು, ಉದ್ದು, ಅವರೆ, ತೊಗರಿ, ಎಳ್ಳು ಈ ಒಂಬತ್ತನ್ನೂ ಸಮನಾಗಿ ಬೆರೆಸಿ, ಗೊತ್ತಾದ ತೂಕದಷ್ಟು ಮಿಶ್ರಣ ಯಾವ ಪಾತ್ರೆಯಲ್ಲಿ ಸರಿಯಾಗಿ ಹಿಡಿಯುತ್ತದೋ ಅದನ್ನೇ ಸೇರೆಂದು ಒಪ್ಪುತ್ತಿದ್ದರು. ಒಂದು ಕಾಳು ಹಗುರ, ಇನ್ನೊಂದು ಭಾರ. ಒಂದು ದುಂಡಗೆ, ಇನ್ನೊಂದು ಚಪ್ಪಟೆ. ಒಂಬತ್ತೂ ಸೇರಿದರೆ ಸರಾಸರಿ ಬರುತ್ತದೆ. ಪೂಜೆಯ ನವಧಾನ್ಯ ಅಂಕಗಣಿತಕ್ಕೂ ಒದಗಿತು. ಒಂಬತ್ತೂ ಸಿಗದಿದ್ದರೆ ಅಕ್ಕಿಯೊಂದೇ ಆದೀತು, ಸರಾಸರಿಗೆ ಅದೇ ಹತ್ತಿರ ಎಂಬ ಮಾತೂ ಅವರ ಬರಹದಲ್ಲಿದೆ.

ವೈದ್ಯರೂ ಈ ತೊಡಕಿಗೆ ತಮ್ಮದೇ ದಾರಿ ಕಂಡುಕೊಂಡಿದ್ದರು. ಆಯುರ್ವೇದದಲ್ಲಿ ಕುಡವ, ಪ್ರಸ್ಥ ಎಂಬ ಹೆಸರುಗಳು ಒಣ ಮೂಲಿಕೆಗೂ ಕಷಾಯದ ನೀರಿಗೂ ಒಂದೇ. ಆದರೆ ದ್ರವವಾದರೆ, ಅಥವಾ ಹಸಿ ಮೂಲಿಕೆಯಾದರೆ, ಕುಡವದಿಂದ ಮೇಲಕ್ಕೆ ಹೇಳಿದ್ದರ ಎರಡರಷ್ಟು ತೆಗೆದುಕೊಳ್ಳಬೇಕೆಂಬುದು ಪರಿಭಾಷೆ. ಶಾರ್ಙ್ಗಧರನು ಕುಡವದ ಪಾತ್ರೆ ನಾಲ್ಕು ಅಂಗುಲ ಅಗಲ, ನಾಲ್ಕು ಅಂಗುಲ ಆಳ ಇರಬೇಕೆಂದು ಹೇಳಿ, ವೈದ್ಯನು ಪಾತ್ರೆಯನ್ನು ಮತ್ತೆ ಮಾಡಿಕೊಳ್ಳಲು ಆಗುವಂತೆ ಮಾಡಿದ್ದಾನೆ. ಔಷಧಿಯಲ್ಲಿ ಎಡವಟ್ಟಾದರೆ ಹಲ್ವ ಕೆಟ್ಟಷ್ಟು ಹಗುರವಾಗಿ ಮುಗಿಯುವುದಿಲ್ಲವಷ್ಟೆ.

ಬ್ರಿಟಿಷರ ಕಾಲದಲ್ಲಿ ತೂಕಕ್ಕೆ ರೂಪಾಯಿಯೇ ಆಧಾರವಾಯಿತು. 180 ಗ್ರೇನ್ ತೂಗುವ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ ಈಗಿನ 11.66 ಗ್ರಾಂ. ಎಂಬತ್ತು ತೊಲಕ್ಕೆ ಒಂದು ಸೇರು, ನಲವತ್ತು ಸೇರಿಗೆ ಒಂದು ಮಣ. ಇದು ಸರ್ಕಾರದ ಲೆಕ್ಕ. ಪೇಟೆಯ ಲೆಕ್ಕ ಬೇರೆ. ಸರ್ಕಾರಿ ಮಣ 82 ಪೌಂಡಿಗೆ ಸ್ವಲ್ಪ ಮೇಲಾದರೆ, ಮುಂಬಯಿಯ ಮಣ 28 ಪೌಂಡು, ಮದ್ರಾಸಿನ ಮಣ 25 ಪೌಂಡು. ಮೂರಕ್ಕೂ ಹೆಸರು ಮಣವೇ. ಮೈಸೂರು ಸೀಮೆಯಲ್ಲಿ ಬೆಲ್ಲ, ಹುಣಸೆಹಣ್ಣುಗಳನ್ನು ತೂಗುವ ಕಚ್ಚಾ ಸೇರು 24 ತೊಲದ್ದು, ಈಗಿನ 280 ಗ್ರಾಂ. ಅದೇ ಅಂಗಡಿಯಲ್ಲಿ ಅಕ್ಕಿ ಅಳೆಯುವ ಸೇರು ಇದರ ಮೂರು ಪಟ್ಟಿಗೂ ಮಿಗಿಲು. ಸೇರು ಬೆಲ್ಲ, ಸೇರು ಅಕ್ಕಿ ಹಾಕಿ ಪಾಯಸ ಮಾಡೆಂದು ಅತ್ತೆ ಹೇಳಿದರೆ, ಎರಡೂ ಸೇರುಗಳ ಗುಟ್ಟು ತಿಳಿದ ಸೊಸೆಗೆ ಮಾತ್ರ ಪಾಯಸ ಕೂಡಿಬರುತ್ತಿತ್ತು. ಸೇರಿಗೆ ಸವ್ವಾಸೇರು ಎಂಬ ಗಾದೆ ಹುಟ್ಟಿದ ನಾಡಿನಲ್ಲಿ ಸೇರೇ ಸೇರಿಗೆ ಸಮವಿರಲಿಲ್ಲ.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಈ ಐದೂ ಆಡಳಿತಗಳ ಅಳತೆಗಳು ಒಂದೇ ಸೂರಿನಡಿ ಬಂದವು. ಕರಾವಳಿಯವರಿಗೆ ಕುಡ್ತೆ, ಕಳಸಿಗೆ, ಮುಡಿ. ಬೆಳಗಾವಿ ಧಾರವಾಡದ ಕಡೆಯವರಿಗೆ ಪಾಯಲಿ. ಮೈಸೂರಿನವರಿಗೆ ಪಾವು, ಅಚ್ಚೇರು, ಕೊಳಗ. ಒಂದೇ ರಾಜ್ಯದ ಎರಡು ಊರುಗಳ ಅಕ್ಕಿಯ ಧಾರಣೆಯನ್ನು ಹೋಲಿಸಬೇಕಾದರೂ ಗುಮಾಸ್ತನಿಗೆ ಗಣಿತದ ಪಂಡಿತನಾಗುವ ಅಗತ್ಯವಿತ್ತು. ಇನ್ನೆರಡು ತಿಂಗಳು ತುಂಬುವ ಮೊದಲೇ, 1956ರ ಡಿಸೆಂಬರಿನಲ್ಲಿ, ದೇಶಕ್ಕೆಲ್ಲ ಒಂದೇ ಅಳತೆ ತೂಕ ಎಂಬ ಕಾಯಿದೆ ಬಂತು. 1957ರ ಏಪ್ರಿಲ್‌ನಲ್ಲಿ ನಯಾಪೈಸೆ, 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕ. ಒಂದೇ ದಿನದಲ್ಲಿ ದೇಶವನ್ನು ಬದಲಾಯಿಸಲಾಗದೆಂದು ಹಂತಹಂತವಾಗಿ ಜಾರಿಗೆ ತಂದು, 1962ರ ಏಪ್ರಿಲ್‌ನಿಂದ ಹಳೆಯ ಪದ್ಧತಿಗಳನ್ನು ವ್ಯಾಪಾರದಲ್ಲಿ ನಿಷೇಧಿಸಲಾಯಿತು.

ಈ ಬದಲಾವಣೆಯನ್ನು ಸೇರು ಹೋಗಿ ಕಿಲೋ ಬಂತು ಎಂದು ನಾವು ಒಂದು ಮಾತಿನಲ್ಲಿ ಹೇಳಿಬಿಡುತ್ತೇವೆ. ವಾಸ್ತವದಲ್ಲಿ ಆದದ್ದು ಎರಡು ಬದಲಾವಣೆ. ಒಂದು, 933 ಗ್ರಾಮಿನ ತೂಕದ ಸೇರಿನ ಜಾಗಕ್ಕೆ 1000 ಗ್ರಾಮಿನ ಕಿಲೋ ಬಂದದ್ದು. ಇದು ಬರಿಯ ಗುಣಾಕಾರ ಭಾಗಾಕಾರ. ಇನ್ನೊಂದು, ಅಕ್ಕಿ ರಾಗಿ ಬೇಳೆಗಳನ್ನು ಅಳೆಯುವುದನ್ನೇ ಬಿಟ್ಟು ತೂಗತೊಡಗಿದ್ದು. ಇದಕ್ಕೆ ಯಾವ ಕೋಷ್ಟಕವೂ ಸಾಲದು. ಏಕೆಂದರೆ ಪಾವು ಅಕ್ಕಿಯ ತೂಕ ಬೇರೆ, ಪಾವು ರಾಗಿಹಿಟ್ಟಿನ ತೂಕ ಬೇರೆ, ಪಾವು ಅವಲಕ್ಕಿಯದಂತೂ ತೀರಾ ಬೇರೆ. ನನ್ನ ದೃಷ್ಟಿಯಲ್ಲಿ ಈ ಎರಡನೆಯದೇ ನಿಜವಾದ ಕ್ರಾಂತಿ. ತುಂಬುವ ಕೈಯ ಚಳಕಕ್ಕೆ ಅಲ್ಲಿ ಜಾಗವಿಲ್ಲವಾಯಿತು. ಕಲ್ಲು ಕಟ್ಟುವುದು, ತಕ್ಕಡಿ ಹೊಡೆಯುವುದು, ಕಾಳಿಗೆ ನೀರು ಚಿಮುಕಿಸುವುದು ಇವೆಲ್ಲ ಉಳಿದವು, ಅದು ಬೇರೆ ಮಾತು. ಆದರೆ ಬಟ್ಟಿನ ಮೇಲೆ ಮುದ್ರೆಯಿತ್ತು, ಹಿಡಿದು ತೋರಿಸಿ ಕೇಳಬಹುದಿತ್ತು. ಕುಕ್ಕಿ ಅಳೆದ ಕೊಳಗದ ಮೇಲೆ ಯಾವ ಮುದ್ರೆ ಹೊಡೆಯುವುದು?

ಕಾಯಿದೆ ಅಂಗಡಿಯ ಕಟ್ಟೆಯವರೆಗೆ ಬಂದು ನಿಂತಿತು. ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಕಿಲೋ ಲೆಕ್ಕದಲ್ಲಿ ಬಂದ ಅಕ್ಕಿ ಡಬ್ಬಕ್ಕೆ ಬಿದ್ದಕೂಡಲೇ ಪಾವಾಗುತ್ತದೆ, ಲೋಟವಾಗುತ್ತದೆ. ಇದು ಹಳೆಯದಕ್ಕೆ ಅಂಟಿಕೊಳ್ಳುವ ಮೊಂಡುತನವೇನಲ್ಲ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಎಂಬಲ್ಲಿ ಲೋಟ ಎಷ್ಟು ದೊಡ್ಡದೆಂಬುದು ಮುಖ್ಯವೇ ಅಲ್ಲ. ಅಳೆಯುವುದೂ ಅದರಲ್ಲೇ, ನೀರು ಹೊಯ್ಯುವುದೂ ಅದರಲ್ಲೇ. ಇಡ್ಲಿಗೆ ಅಕ್ಕಿ ಉದ್ದುಗಳ ಲೆಕ್ಕವೂ ಅಳತೆಯಲ್ಲಾಗಲಿ ತೂಕದಲ್ಲಾಗಲಿ ಹೆಚ್ಚು ಬದಲಾಗುವುದಿಲ್ಲ, ಎರಡೂ ಕಾಳುಗಳು ಪಾತ್ರೆಯಲ್ಲಿ ಸುಮಾರು ಒಂದೇ ಭಾರ. ಒಂದೇ ಪಾತ್ರೆ, ಒಂದೇ ಕೈ, ನಾಲ್ಕಾರು ಜನರ ಊಟ ಇರುವಷ್ಟು ಕಾಲ ತಕ್ಕಡಿಯ ಅಗತ್ಯವೇ ಬೀಳುವುದಿಲ್ಲ.

ತೊಂದರೆ ಬರುವುದು ಪಾತ್ರೆ ಬದಲಾದಾಗ, ಅಥವಾ ಪದಾರ್ಥ ಬದಲಾದಾಗ. ಉಪ್ಪಿನಕಾಯಿಯನ್ನೇ ನೋಡಿ. ಇಷ್ಟು ಪಾವು ಹೋಳಿಗೆ ಇಷ್ಟು ಉಪ್ಪು ಎಂಬ ಅಜ್ಜಿಯರ ಲೆಕ್ಕ ಕಲ್ಲುಪ್ಪಿನದು. ಹರಳುಗಳ ನಡುವೆ ಗಾಳಿಯಿರುವುದರಿಂದ ಪಾವು ಕಲ್ಲುಪ್ಪಿನ ತೂಕ ಕಡಿಮೆ. ಇಂದು ಪೊಟ್ಟಣದಲ್ಲಿ ಬರುವ ನುಣ್ಣನೆಯ ಉಪ್ಪನ್ನು ಅದೇ ಪಾವಿನಲ್ಲಿ ಅಳೆದರೆ ಹೆಚ್ಚು ಉಪ್ಪು ಬೀಳುತ್ತದೆ; ಸಣ್ಣ ಚಮಚದಲ್ಲೇ ಆರು ಗ್ರಾಂ ಹಿಡಿಯುತ್ತದೆ. ಉಪ್ಪಾಯಿತೆಂದು ಅಂಜಿ ಮುಂದಿನ ವರ್ಷ ತೀರಾ ಕಡಿಮೆ ಮಾಡಿದರೆ ಜಾಡಿಯ ಮೇಲೆ ಬೂಷ್ಟು. ಅಜ್ಜಿಯ ಕೈಗುಣ ಹೋಯಿತೆಂದು ಮರುಗುವ ಎಷ್ಟೋ ಮನೆಗಳಲ್ಲಿ ಹೋದದ್ದು ಕೈಗುಣವಲ್ಲ, ಪಾವು. ಆ ಹಿತ್ತಾಳೆಯ ಪಾವು ಈಗ ಎಲ್ಲಿದೆಯೋ, ಎಷ್ಟು ಹಿಡಿಯುತ್ತಿತ್ತೋ ಬಲ್ಲವರಿಲ್ಲ. ಹಳೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟ ಪಾಕವಿಧಾನ ಉಳಿದಿದೆ, ಆದರೆ ಅದನ್ನು ಓದುವ ಕೀಲಿಕೈ ಇಲ್ಲ. ಇನ್ನೂ ಹಳೆಯ ಪಾವು ಅಟ್ಟದ ಮೇಲಿರುವವರು ಅದರಲ್ಲಿ ಅಕ್ಕಿ, ಬೇಳೆ, ರವೆ, ಹಿಟ್ಟು, ಸಕ್ಕರೆ, ಉಪ್ಪು ಒಂದೊಂದನ್ನೇ ತಮ್ಮ ರೂಢಿಯಂತೆ ತುಂಬಿ, ತೂಗಿ, ಗ್ರಾಂ ಲೆಕ್ಕ ಬರೆದಿಟ್ಟರೆ ಒಂದು ಮಧ್ಯಾಹ್ನದ ಕೆಲಸ. ನೀರು ತುಂಬಿ ತೂಗಿದರೆ ಪಾತ್ರೆ ಎಷ್ಟು ಮಿಲಿಲೀಟರಿನದೆಂಬುದೂ ತಿಳಿಯುತ್ತದೆ.

ನೀರಿನ ಮಾತು ಬಂದದ್ದರಿಂದ ಮತ್ತೊಂದು ವಿಷಯ. ಕೌಟಿಲ್ಯನಿಗೆ ಉದ್ದು, ನಮ್ಮ ಹಿರಿಯರಿಗೆ ನವಧಾನ್ಯ ಇದ್ದಂತೆ ಮೆಟ್ರಿಕ್ ಪದ್ಧತಿಗೆ ನೀರು. 1795ರಲ್ಲಿ ಫ್ರಾನ್ಸಿನವರು ಗ್ರಾಮನ್ನು ಗೊತ್ತುಮಾಡಿದ್ದೇ ಒಂದು ಘನ ಸೆಂಟಿಮೀಟರ್ ನೀರಿನ ತೂಕದಿಂದ. ಹಾಗಾಗಿ ಒಂದು ಲೀಟರ್ ನೀರು ಒಂದು ಕಿಲೋ. ಹಾಲು ಅದಕ್ಕಿಂತ ತುಸು ಭಾರ. ಎಲ್ಲವೂ ಹಾಗೆಯೇ ಎಂದುಕೊಂಡವರು ಎಣ್ಣೆಯಲ್ಲಿ ಮೋಸಹೋಗುತ್ತಾರೆ. ಲೀಟರ್ ಎಣ್ಣೆ 910 ಗ್ರಾಂ ಆಸುಪಾಸು. ಇಲ್ಲಿಯೂ ಹಳೆಯ ಕೊಳಗದ ಆಟ ಹೊಸ ವೇಷದಲ್ಲಿ ಬಂದದ್ದುಂಟು. ಎಣ್ಣೆ ಕಾದರೆ ಹಿಗ್ಗುತ್ತದೆ. ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ 919 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ. ಪೊಟ್ಟಣದ ಮೇಲೆ ಇಂತಿಷ್ಟು ಉಷ್ಣತೆಯಲ್ಲಿ ಒಂದು ಲೀಟರ್ ಎಂದು ಮುದ್ರಿಸಿದರೆ ಸುಳ್ಳೂ ಹೇಳಿದಂತಾಗಲಿಲ್ಲ, 26 ಗ್ರಾಂ ಉಳಿಯಿತು. 2022ರಲ್ಲಿ ಕೇಂದ್ರ ಸರ್ಕಾರ ಉಷ್ಣತೆಯ ಉಲ್ಲೇಖವನ್ನು ಕೈಬಿಟ್ಟು, ಅಳತೆಯ ಜೊತೆಗೆ ಸರಿಯಾದ ತೂಕವನ್ನೂ ನಮೂದಿಸುವಂತೆ ಖಾದ್ಯತೈಲದ ತಯಾರಕರಿಗೆ ಸೂಚಿಸಿ, 2023ರ ಜನವರಿ 15ರವರೆಗೆ ಗಡುವು ಕೊಟ್ಟಿತು.

ಹೆಚ್ಚು ಜನಕ್ಕೆ ಬಡಿಸುವ ಕಡೆ ಈ ಲೆಕ್ಕ ನಾಲಗೆಯ ರುಚಿಯದಷ್ಟೇ ಅಲ್ಲ, ಹೊಟ್ಟೆಯದು. ಶಾಲೆಯ ಬಿಸಿಯೂಟಕ್ಕೆ ಕೇಂದ್ರದ ನಿಯಮದಂತೆ ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಹಿರಿಯ ಪ್ರಾಥಮಿಕದ ಮಗುವಿಗೆ 150 ಗ್ರಾಂ. ಬೇಳೆ 20 ಮತ್ತು 30 ಗ್ರಾಂ. ಲೆಕ್ಕ ಗ್ರಾಮಿನದು, ಉಗ್ರಾಣದಲ್ಲಿ ಮೂಟೆ ಬಿಚ್ಚುವ ಕೈಯಲ್ಲಿರುವುದು ಡಬ್ಬವಾದರೆ? ಆ ಡಬ್ಬ ಎಷ್ಟು ಗ್ರಾಂ ಅಕ್ಕಿ, ಎಷ್ಟು ಗ್ರಾಂ ಬೇಳೆ ಹಿಡಿಯುತ್ತದೆಂದು ಒಮ್ಮೆ ತೂಗಿ, ಅದರ ಮೇಲೆ ಬಣ್ಣದಲ್ಲಿ ಬರೆದಿಟ್ಟಿದ್ದರೆ ಸರಿ. ಇಲ್ಲದಿದ್ದರೆ ಡಬ್ಬಕ್ಕೆ ಹಿಡಿಯಷ್ಟು ಕಡಿಮೆಯಾದದ್ದು ಯಾರ ಕಣ್ಣಿಗೂ ಬೀಳದೆ ತಟ್ಟೆಯಲ್ಲಿ ಕಡಿಮೆಯಾಗುತ್ತದೆ. ಮದುವೆಮನೆಯ ಅಡಿಗೆ ಭಟ್ಟರು ಇದನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಐನೂರು ಎಲೆಗೆ ಅವರು ಬರೆದುಕೊಡುವ ಸಾಮಾನಿನ ಪಟ್ಟಿ ಕಿಲೋ ಗ್ರಾಮಿನಲ್ಲಿ; ಕೊಪ್ಪರಿಗೆಯ ಮುಂದೆ ನಿಂತಾಗ ಕೈಯಲ್ಲಿರುವುದು ಬಕೆಟ್ಟು, ಸೌಟು, ಹಿಡಿ. ನಡುವಿನ ಕೋಷ್ಟಕ ಅವರ ತಲೆಯಲ್ಲಿ.

ಅಳತೆಯ ಹಟ ನಮ್ಮದಷ್ಟೇ ಅಲ್ಲ. ಅಮೆರಿಕದ ಅಡುಗೆ ಪುಸ್ತಕಗಳಲ್ಲಿ ಇಂದಿಗೂ ಹಿಟ್ಟು ಸಕ್ಕರೆಗಳಿಗೆ ಕಪ್ಪೇ ಆಧಾರ. ಫ್ಯಾನಿ ಫಾರ್ಮರ್ ಎಂಬಾಕೆ ಬಾಸ್ಟನ್ ನಗರದ ಅಡುಗೆ ಶಾಲೆಯ ಹೆಸರಿನಲ್ಲಿ 1896ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಕಪ್ಪು ಚಮಚಗಳನ್ನು ಗೋಪುರ ಕಟ್ಟದೆ ಚಾಕುವಿನಿಂದ ಸವರಿ ಸಮ ಮಾಡಿಯೇ ಅಳೆಯಬೇಕೆಂದು ಕಟ್ಟುನಿಟ್ಟು ಮಾಡಿದಳು. ಕೌಟಿಲ್ಯನ ಶಿಖೆಯನ್ನು ಆಕೆ ಕತ್ತರಿಸಿಹಾಕಿದಳೆನ್ನಬಹುದು. ಆದರೆ ಅಮೆರಿಕದ ಕಪ್ಪು 237 ಮಿಲಿಲೀಟರಿನದು, ಆಸ್ಟ್ರೇಲಿಯದ್ದು 250, ಜಪಾನಿನದು 200. ಸಾಗರದಾಚೆಯಿಂದ ಮಗಳು ಹೇಳಿಕಳಿಸಿದ ಕೇಕಿನ ಲೆಕ್ಕ ಬೆಂಗಳೂರಿನ ಒಲೆಯಲ್ಲಿ ಕುಸಿದು ಕೂರುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಇನ್ನು ವಿದ್ಯುತ್ ರೈಸ್ ಕುಕ್ಕರಿನ ಜೊತೆ ಬರುವ ಪುಟ್ಟ ಪ್ಲಾಸ್ಟಿಕ್ ಲೋಟವನ್ನು ಗಮನಿಸಿದ್ದೀರಾ? ಸಾಮಾನ್ಯವಾಗಿ ಅದು 180 ಮಿಲಿಲೀಟರಿನದು. 200 ಅಲ್ಲ, 250 ಅಲ್ಲ, 180 ಏಕೆ? ಅದು ಜಪಾನಿನ ಹಳೆಯ ಅಕ್ಕಿಯಳತೆ, ಹೆಸರು 'ಗೋ'. ಜಪಾನ್ ಸರ್ಕಾರ ಹಳೆಯ ಅಳತೆಗಳನ್ನು 1959ರಿಂದ ವ್ಯಾಪಾರದಲ್ಲಿ ನಿಲ್ಲಿಸಿತು, ನಮ್ಮಲ್ಲಿ ಸೇರಿಗೆ ಕೊನೆಗಾಲ ಬಂದ ಆಸುಪಾಸಿನಲ್ಲೇ. ಅಂಗಡಿಯಿಂದ ಹೊರಬಿದ್ದ ಗೋ ಕುಕ್ಕರಿನೊಳಗೆ ಸೇರಿಕೊಂಡು ಸಮುದ್ರ ದಾಟಿತು. ನಮ್ಮ ಹಿತ್ತಾಳೆಯ ಸೇರು ಅಷ್ಟು ದೂರ ಹೋಗಲಿಲ್ಲ. ಪಾತ್ರೆ ಅಂಗಡಿಯಲ್ಲಿ ಈಗಲೂ ಸಿಗುತ್ತದೆ, ಆದರೆ ಕೊಳ್ಳುವವರು ಎಷ್ಟು ಹಿಡಿಯುತ್ತದೆಂದು ಕೇಳುವುದಿಲ್ಲ. ಮದುವೆಯ ದಿನ ಅಕ್ಕಿ ತುಂಬಿ ಹೊಸ್ತಿಲ ಮೇಲಿಟ್ಟರೆ ಹೊಸ ಸೊಸೆ ಬಲಗಾಲಿನಿಂದ ಒದ್ದು ಒಳಗೆ ಬರುತ್ತಾಳೆ. ಚೆಲ್ಲಿದ ಅಕ್ಕಿಯನ್ನು ಯಾರೂ ತೂಗುವುದಿಲ್ಲ.